ಉಡಿಗೆ ಬಂದ ಮಗುವಿಗೆ ಕಾಗದದ ಆಸರೆ

ಈ ಅಂಕಣದ ವಾಚಕರಲ್ಲಿ ಶಿಕ್ಷಕರು, ಗ್ರಾಮಸೇವಕರು, ಬ್ಯಾಂಕು ಹಾಗೂ ಟಪಾಲು ಕಚೇರಿಗಳ ನೌಕರರು ಹಲವರಿದ್ದಾರೆ. ಆರ್ಥಿಕ ವರ್ಷ ಮುಗಿಯುತ್ತ ಬಂದಂತೆ ಅವರಿಂದ ತೆರಿಗೆಯ ಬಗ್ಗೆ ಪ್ರಶ್ನೆಗಳು ಬರುವುದು ವಾಡಿಕೆ. ಈ ಸಲ ಬಂದ ಪತ್ರಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಭಿನ್ನವಾಗಿತ್ತು. “ನಾವು ದತ್ತಕ ಮಾಡಿಕೊಂಡ ಮಗುವಿಗೆ ನಡೆಯಲು ಬಾರದು. ಅದರ ಔಷಧೋಪಚಾರಕ್ಕೆ ಸಂಬಳದ ದೊಡ್ಡ ಪಾಲು ಹೋಗುತ್ತದೆ. ಇಂಥ ಮಗುವನ್ನು ದತ್ತಕ ಪಡೆದವರಿಗೆ ತೆರಿಗೆಯಲ್ಲಿ ಸವಲತ್ತು ಉಂಟೆಂದು ಕೇಳಿದ್ದೇವೆ. ಉಂಟಾದರೆ ಅದಕ್ಕೆ ಯಾವ ಯಾವ ಕಾಗದ ಬೇಕು?” ಎಂದು ಒಬ್ಬ ಸೋದರಿ ಬರೆದಿದ್ದಾರೆ. ಪ್ರಶ್ನೆ ಚಿಕ್ಕದು, ಉತ್ತರವು ಒಂದು ತಿಂಗಳ ಅಂಕಣವನ್ನೇ ಬೇಡುವಂಥದು.

ಈ ಪ್ರಶ್ನೆ ಒಂದೇ ಮನೆಯದಲ್ಲವೆಂಬುದನ್ನು ನಮ್ಮ ತಾಲೂಕನ್ನು ಬಲ್ಲವರು ಒಪ್ಪುವರು. ಉಮದಿ, ಸಂಖ, ಬಿಳೂರು ಭಾಗದ ನಮ್ಮ ಮನೆತನಗಳು ಇಂಡಿ, ಅಥಣಿ, ವಿಜಯಪುರದ ಮನೆತನಗಳೊಂದಿಗೆ ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದುಕೊಂಡಿವೆ. ಮದುವೆಯ ಸಂಬಂಧ ಗಡಿ ದಾಟಿದಂತೆ ಮಕ್ಕಳ ಸಂಬಂಧವೂ ಗಡಿ ದಾಟುತ್ತದೆ. ಅಕ್ಕನಿಗೆ ಮಗುವಿಲ್ಲದಿದ್ದರೆ ತಂಗಿ ತನ್ನ ಕೂಸನ್ನು ಅವಳ ಉಡಿಯಲ್ಲಿ ಹಾಕುತ್ತಾಳೆ. ಅಣ್ಣ ಬಡವನಾದರೆ ಅವನ ಅಂಗವಿಕಲ ಮಗುವನ್ನು ನೌಕರಿಯಲ್ಲಿರುವ ತಮ್ಮ ತನ್ನ ಮನೆಗೆ ತಂದು ಸಾಕುತ್ತಾನೆ. ಹತ್ತು ಜನ ಹಿರಿಯರ ಸಮಕ್ಷಮ ಅರಿಷಿಣ-ಕುಂಕುಮ ಹಚ್ಚಿ, ದೇವರ ಮುಂದೆ ಕಾಯಿ ಒಡೆದರೆ ಕಾರ್ಯ ಮುಗಿಯಿತು. ಕಾಗದದ ಮಾತು ತೆಗೆಯುವುದು ಸಂಬಂಧಕ್ಕೆ ಅವಮಾನವೆಂಬ ಭಾವನೆ ಇನ್ನೂ ಉಳಿದಿದೆ. ಆ ಭಾವನೆಯ ಬೆಲೆಯನ್ನು ಕೊನೆಗೆ ತೆರುವುದು ಆ ಮಗು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ತೆರಿಗೆಯ ಮಾತು. ನಮ್ಮ ದೇಶದಲ್ಲಿ ದತ್ತಕ ಎಂಬ ಕಾರ್ಯಕ್ಕೆಂದೇ ಆದಾಯ ತೆರಿಗೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಅಮೆರಿಕದಲ್ಲಿ ಅಂಥದೊಂದು ಏರ್ಪಾಡು ಇದೆ. ಅಲ್ಲಿ ಮಗುವನ್ನು ದತ್ತಕ ಪಡೆದವರು ಕಟ್ಟಬೇಕಾದ ತೆರಿಗೆಯಲ್ಲಿಯೇ, ಆದಾಯದ ಮಿತಿಗೆ ಒಳಪಟ್ಟು, 2025ನೆಯ ವರ್ಷಕ್ಕೆ 17,280 ಡಾಲರುಗಳವರೆಗೆ ಕಡಿತ ದೊರೆಯುತ್ತದೆ. ಮಗುವು ವಿಶೇಷ ಅಗತ್ಯದ್ದೆಂದು ಅಲ್ಲಿಯ ರಾಜ್ಯ ಸರಕಾರ ನಿರ್ಣಯಿಸಿದ್ದರೆ, ತಂದೆತಾಯಿಗಳು ದತ್ತಕಕ್ಕೆ ಮಾಡಿದ ಖರ್ಚು ಕಡಿಮೆಯಿದ್ದರೂ ಪೂರ್ಣ ಮೊತ್ತಕ್ಕೆ ಅವರು ಅರ್ಹರು. ಆ ನಿರ್ಣಯದ ಕಾಗದ ಕೈಯಲ್ಲಿರಬೇಕು, ಅಷ್ಟೆ. ಪರದೇಶದಲ್ಲಿರುವ ಬಂಧುಗಳ ಬಾಯಿಂದ ಇದನ್ನು ಕೇಳಿದವರು ನಮ್ಮಲ್ಲಿಯೂ ಹಾಗೆಯೇ ಇದ್ದೀತೆಂದು ಎಣಿಸುವುದು ಸಹಜ. ನಮ್ಮ ಕಾಯದೆ ಬೇರೊಂದು ದಾರಿಯಿಂದ ಅದೇ ಮನೆಗೆ ಬರುತ್ತದೆ. ಅದು ಅಂಗವಿಕಲ ಅವಲಂಬಿತರನ್ನು ಸಲಹುವವರಿಗೆ ರಿಯಾಯಿತಿ ಕೊಡುತ್ತದೆ. ದತ್ತಕ ಮಗುವನ್ನು ಸ್ವಂತ ಮಗುವೆಂದೇ ಎಣಿಸುತ್ತದೆ. ಈ ಎರಡು ಮಾತು ಕೂಡಿದಲ್ಲಿ ನಮ್ಮ ಸೋದರಿಯ ಪ್ರಶ್ನೆಗೆ ಉತ್ತರವಿದೆ.

1961ರ ಆದಾಯ ತೆರಿಗೆ ಕಾಯದೆಯಲ್ಲಿ ಇದು 80ಡಿಡಿ ಕಲಮು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ ಅವಲಂಬಿತರ ಔಷಧೋಪಚಾರ, ಶುಶ್ರೂಷೆ, ತರಬೇತಿ, ಪುನರ್ವಸತಿಗಾಗಿ ಖರ್ಚು ಮಾಡುವವರ ಆದಾಯದಲ್ಲಿ 75,000 ರೂಪಾಯಿಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ. ವೈಕಲ್ಯವು ಶೇಕಡಾ 80 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಈ ಮೊತ್ತ 1,25,000 ರೂಪಾಯಿ. ಖರ್ಚು ಇದಕ್ಕಿಂತ ಕಡಿಮೆಯಾಗಿದ್ದರೂ ಹೆಚ್ಚಾಗಿದ್ದರೂ ಮೊತ್ತ ಬದಲಾಗದು. ಅವಲಂಬಿತರು ಯಾರೆಂಬುದನ್ನೂ ಕಾಯದೆ ಎಣಿಸಿ ಹೇಳಿದೆ: ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ಮಗು ಎಂಬ ಮಾತಿನಲ್ಲಿ ದತ್ತಕ ಮಗುವೂ ಅಡಕವೆಂದು ಅದೇ ಕಾಯದೆಯ ಎರಡನೆಯ ಕಲಮು ಸ್ಪಷ್ಟಪಡಿಸುತ್ತದೆ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಉಳ್ಳ 2025ರ ಹೊಸ ಆದಾಯ ತೆರಿಗೆ ಕಾಯದೆಯಲ್ಲಿ ಕಲಮುಗಳ ಅಂಕೆಗಳು ಬದಲಾಗಿವೆಯಾದರೂ ಈ ರಿಯಾಯಿತಿಯ ತಿರುಳನ್ನು ಉಳಿಸಿಕೊಳ್ಳಲಾಗಿದೆ.

ಆ ಎಣಿಕೆಯನ್ನು ಇನ್ನೊಮ್ಮೆ ಓದಿರಿ. ಅದರಲ್ಲಿ ಅಣ್ಣನ ಮಗನಿಲ್ಲ, ತಂಗಿಯ ಮಗಳಿಲ್ಲ. ವ್ಯಕ್ತಿಯಾಗಿ ತೆರಿಗೆ ಕಟ್ಟುವವನು ತಂಗಿಯ ಅಂಗವಿಕಲ ಮಗಳನ್ನು ಹದಿನೈದು ವರ್ಷ ಎದೆಗವಚಿ ಸಾಕಿದ್ದರೂ, ಆಕೆಯನ್ನು ಕಾನೂನಿನಂತೆ ದತ್ತಕ ಪಡೆಯದಿದ್ದರೆ ಈ ಕಲಮಿನ ಮಟ್ಟಿಗೆ ಆಕೆ ಪರಕೀಯಳೇ. ಕಾಯದೆಗೆ ಕರುಳಿಲ್ಲವೆಂದು ಬೈದು ಪ್ರಯೋಜನವಿಲ್ಲ. ಕಚೇರಿಯ ಗುಮಾಸ್ತನು ನಮ್ಮ ಮನೆಯ ಒಳಗನ್ನು ಕಂಡವನಲ್ಲ. ಅವನ ಮುಂದಿರುವುದು ಕಾಗದ ಮಾತ್ರ.

ಈ ಸಂದರ್ಭದಲ್ಲಿ ನಮ್ಮ ಗಡಿಭಾಗದ ಒಂದು ಶಿಕ್ಷಕ ಕುಟುಂಬದ ಅನುಭವವನ್ನು, ಹೆಸರು ಹೇಳದೆ, ಇಲ್ಲಿ ನಿವೇದಿಸುತ್ತೇನೆ. ಆ ದಂಪತಿಗಳಿಗೆ ಒಬ್ಬ ಮಗನಿದ್ದ; ಹೆಣ್ಣು ಮಗುವಿರಲಿಲ್ಲ. ಗೃಹಿಣಿಯ ತಂಗಿಯನ್ನು ಕರ್ನಾಟಕದ ಹಳ್ಳಿಯೊಂದಕ್ಕೆ ಕೊಟ್ಟಿತ್ತು. ತಂಗಿಯ ಎರಡನೆಯ ಮಗಳು ಹುಟ್ಟಿದಾಗಲೇ ಮೆದುಳಿಗೆ ಪೆಟ್ಟಾಗಿ, ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿಯಲ್ಲಿ ಉಳಿದಳು. ಒಂದು ವರ್ಷದ ಆ ಕೂಸನ್ನು ಅಕ್ಕ ತನ್ನ ಉಡಿಗೆ ತೆಗೆದುಕೊಂಡಳು. ಎರಡೂ ಕಡೆಯ ಹಿರಿಯರು ಕುಳಿತಿದ್ದರು, ತೊಟ್ಟಿಲ ಕಟ್ಟಿದ್ದರು, ಊಟ ಹಾಕಿದ್ದರು. ಅಂದಿನಿಂದ ಆ ಶಿಕ್ಷಕರು ತಿಂಗಳಿಗೆರಡು ಸಲ ಮಗುವನ್ನು ಹೆಗಲ ಮೇಲೆ ಹೊತ್ತು ಮಿರಜದ ದವಾಖಾನೆಗೆ ವ್ಯಾಯಾಮೋಪಚಾರಕ್ಕೆ ಒಯ್ಯುತ್ತಿದ್ದರು. ಒಂಬತ್ತು ವರ್ಷ ಕಳೆದವು. ಆ ಮೇಲೊಮ್ಮೆ ತೆರಿಗೆಯ ರಿಯಾಯಿತಿ ಕೇಳಲು ಹೋದಾಗ, ಮಗುವಿನ ವೈಕಲ್ಯದ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಬೇರೆ ಇದ್ದುದನ್ನು ಕಂಡು “ಈ ಹುಡುಗಿ ನಿಮಗೆ ಏನಾಗಬೇಕು?” ಎಂದು ಕೇಳಿದರು. “ಮಗಳು” ಎಂದರು ಇವರು. “ಅದಕ್ಕೆ ಆಧಾರ?” ಎಂಬ ಎರಡನೆಯ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಜನ್ಮ ಕೊಟ್ಟ ತಂದೆ ತೀರಿಹೋಗಿದ್ದ. ತೊಟ್ಟಿಲಿನ ದಿನ ಕುಳಿತಿದ್ದ ಹಿರಿಯರಲ್ಲಿ ಬಹಳ ಜನ ಉಳಿದಿರಲಿಲ್ಲ. ವಕೀಲರ ಸಲಹೆಯಂತೆ, ಒಂಬತ್ತು ವರ್ಷದ ಹಿಂದೆ ನಡೆದ ದತ್ತಕವನ್ನು ಆದದ್ದು ಆದ ಹಾಗೆ ನಿರೂಪಿಸುವ ಪತ್ರವನ್ನು ಬರೆಯಿಸಿ ನೋಂದಾಯಿಸಬೇಕೆಂದು ನಿಶ್ಚಯವಾಯಿತು. ಅದಕ್ಕೆ ಹೆತ್ತ ತಾಯಿಯ ಸಹಿ ಬೇಕು. ಆಕೆ ಬಂದಳು. ಪತ್ರವನ್ನು ಓದಿ ಹೇಳಿದಾಗ ಸಹಿ ಮಾಡದೆ ಅಕ್ಕನ ಮುಖ ನೋಡಿ, “ಒಮ್ಮೆ ಕೊಟ್ಟೀನಲ್ಲಕ್ಕಾ, ಮತ್ತೊಮ್ಮೆ ಕೊಡಬೇಕೇನು?” ಎಂದಳಂತೆ. ಅಕ್ಕ, “ಕೊಡೂದು ಬ್ಯಾಡ ತಂಗಿ, ಕೊಟ್ಟಿದ್ದನ್ನ ಹೇಳು, ಸಾಕು” ಎಂದಳು. ದತ್ತಕ ಪತ್ರವೆಂದರೆ ಏನೆಂಬುದಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯೆಯನ್ನು ನಾನು ಎಲ್ಲಿಯೂ ಕೇಳಿಲ್ಲ. ಅದು ಪ್ರೀತಿಯನ್ನು ಅಳೆಯುವ ಕಾಗದವಲ್ಲ. ನಡೆದುದನ್ನು, ನೋಡಿದವರೆಲ್ಲ ಹೋದ ಮೇಲೂ, ಹೇಳಬಲ್ಲ ಕಾಗದ.

ಇಂಥ ಪತ್ರಕ್ಕೆ ಆಧಾರವಾದುದು 1956ರ ಹಿಂದೂ ದತ್ತಕ ಮತ್ತು ಪೋಷಣೆ ಕಾಯದೆ. ವೀರಶೈವರು, ಲಿಂಗಾಯತರು ಎಂಬ ಹೆಸರುಗಳು ಆ ಕಾಯದೆಯಲ್ಲಿಯೇ ಇವೆ. ಜೈನ, ಬೌದ್ಧ, ಸಿಖ್ಖರಿಗೂ ಅದು ಅನ್ವಯಿಸುತ್ತದೆ. ಅದರ ಮುಖ್ಯ ನಿಬಂಧನೆಗಳನ್ನು ಪ್ರತಿಯೊಂದು ಮನೆಯೂ ಅರಿತಿರಬೇಕು. ಗಂಡು ಮಗುವನ್ನು ತೆಗೆದುಕೊಳ್ಳುವವರಿಗೆ ಜೀವಂತ ಮಗ, ಮೊಮ್ಮಗ, ಮರಿಮಗ ಇರಬಾರದು. ಹೆಣ್ಣು ಮಗುವನ್ನು ತೆಗೆದುಕೊಳ್ಳುವವರಿಗೆ ಮಗಳಾಗಲಿ ಮಗನ ಮಗಳಾಗಲಿ ಇರಬಾರದು. ಮಗುವಿಗೆ ಹದಿನೈದು ವರ್ಷ ತುಂಬಿರಬಾರದು, ಮದುವೆಯಾಗಿರಬಾರದು. ರೂಢಿಯ ವಿನಾಯಿತಿಯನ್ನು ಹೇಳಿಕೊಳ್ಳುವವರು ಅದನ್ನು ಸಿದ್ಧಪಡಿಸಬೇಕಾಗುತ್ತದೆ. ಗಂಡಸು ಹೆಣ್ಣು ಮಗುವನ್ನು, ಹೆಂಗಸು ಗಂಡು ಮಗುವನ್ನು ತೆಗೆದುಕೊಳ್ಳುವಲ್ಲಿ ಇಬ್ಬರಿಗೂ ಇಪ್ಪತ್ತೊಂದು ವರ್ಷದ ಅಂತರವಿರಬೇಕು. ಗಂಡ-ಹೆಂಡತಿ ಇಬ್ಬರ ಒಪ್ಪಿಗೆ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮಗುವನ್ನು ನಿಜವಾಗಿ ಕೊಟ್ಟು ನಿಜವಾಗಿ ತೆಗೆದುಕೊಂಡಿರಬೇಕು. ದತ್ತಹೋಮ ಕಡ್ಡಾಯವಲ್ಲ. ಹಣ ಕೊಟ್ಟು ತೆಗೆದುಕೊಳ್ಳುವುದು ಅಪರಾಧ.

ನೋಂದಣಿ ಕಡ್ಡಾಯವೆಂದು ಈ ಕಾಯದೆ ಹೇಳುವುದಿಲ್ಲ. ಆದರೆ ಕೊಟ್ಟವರೂ ಪಡೆದವರೂ ಸಹಿ ಮಾಡಿದ ಪತ್ರ ನೋಂದಣಿಯಾಗಿದ್ದರೆ, ಬೇರೆಯವರು ಅದನ್ನು ಸುಳ್ಳೆಂದು ಸಾಧಿಸುವವರೆಗೆ, ದತ್ತಕವು ಕಾಯದೆಯಂತೆಯೇ ನಡೆಯಿತೆಂದು ನ್ಯಾಯಾಲಯ ನಂಬತಕ್ಕದ್ದೆಂದು ಹದಿನಾರನೆಯ ಕಲಮು ವಿಧಿಸಿದೆ. ಮರಾಠಿಯಲ್ಲಿ ದುಯ್ಯಮ ನಿಬಂಧಕರೆಂದು ಕರೆಯುವ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಳೆಯುವ ಒಂದು ದಿನವು ಮಗುವಿನ ಮೇಲಿನ ಸಂಶಯದ ಭಾರವನ್ನು ಸಂಶಯಪಡುವವರ ಹೆಗಲಿಗೆ ವರ್ಗಾಯಿಸುತ್ತದೆ.

ಅನಾಥಾಶ್ರಮದ ಮಗು, ತೊರೆದು ಹೋದ ಮಗು, ತಂದೆತಾಯಿ ಸಮಿತಿಗೆ ಒಪ್ಪಿಸಿದ ಮಗು ಇವರ ದಾರಿ ಬೇರೆ. ಅದು 2015ರ ಬಾಲನ್ಯಾಯ ಕಾಯದೆಯ ದಾರಿ. ಇಲ್ಲಿ ಧರ್ಮಭೇದವಿಲ್ಲ, ಯಾವ ಧರ್ಮದವರಾದರೂ ಬಾಲನ್ಯಾಯ ಕಾಯದೆಯಂತೆ ದತ್ತಕ ಪಡೆಯಬಹುದೆಂದು ಸುಪ್ರೀಮ್ ಕೋರ್ಟು 2014ರಲ್ಲಿಯೇ ತೀರ್ಪು ಕೊಟ್ಟಿದೆ. ಕೇಂದ್ರೀಯ ದತ್ತಕ ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಮಗುವಿನ ಅಧ್ಯಯನ ವರದಿಯನ್ನೂ ವೈದ್ಯಕೀಯ ವರದಿಯನ್ನೂ ದಂಪತಿಗಳು ಓದಿ ಒಪ್ಪಿ ಸಹಿ ಮಾಡಬೇಕು. 2022ರ ಸೆಪ್ಟೆಂಬರ್ 1ರಿಂದ ಈ ದತ್ತಕದ ಆದೇಶ ಹೊರಡಿಸುವವರು ನ್ಯಾಯಾಧೀಶರಲ್ಲ, ಜಿಲ್ಲಾ ದಂಡಾಧಿಕಾರಿಗಳು, ಎಂದರೆ ನಮ್ಮ ಮಟ್ಟಿಗೆ ಸಾಂಗಲಿಯ ಜಿಲ್ಲಾಧಿಕಾರಿಗಳು. ವಿಶೇಷ ಅಗತ್ಯದ ಮಕ್ಕಳನ್ನು ಸ್ವೀಕರಿಸಲು ಸಿದ್ಧರಾದವರು ಉಳಿದವರಷ್ಟು ದೀರ್ಘಕಾಲ ಕಾಯಬೇಕಾಗಿಲ್ಲ. ಈ ದಾರಿಯಲ್ಲಿ ಬಂದ ಮಗುವಿನ ವೈದ್ಯಕೀಯ ವರದಿಯನ್ನು ಜೋಪಾನವಾಗಿಡಬೇಕು. ಮುಂದಿನ ವೈಕಲ್ಯ ತಪಾಸಣೆಯಲ್ಲಿ ವೈದ್ಯರಿಗೆ ಅದು ಮೊದಲ ಆಧಾರವಾಗುತ್ತದೆ. ದವಾಖಾನೆಯಲ್ಲಿ ಬಿಟ್ಟುಹೋದ ಕೂಸನ್ನು ಯಾರದೋ ಮಧ್ಯಸ್ಥಿಕೆಯಿಂದ ನೇರವಾಗಿ ಮನೆಗೆ ತರುವುದು ಪುಣ್ಯಕಾರ್ಯವೆಂದು ತಿಳಿದವರು, ಅದು ಮೂರು ವರ್ಷದವರೆಗಿನ ಶಿಕ್ಷೆಗೆ ಗುರಿಯಾಗುವ ಅಪರಾಧವೆಂಬುದನ್ನೂ ತಿಳಿದಿರಬೇಕು.

ದತ್ತಕಕ್ಕೆ ಕಾಗದ ಕೇಳುವುದು ಇಂದಿನ ಹೊಸ ರೀತಿಯೆಂದು ಯಾರೂ ಭಾವಿಸಬಾರದು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಅವನು ಬದುಕಿದ್ದಾಗಲೇ ದತ್ತಕ ನಡೆಯಿತೇ, ಪತ್ರದ ಮೇಲಿನ ಸಹಿ ಅವನದೇ ಎಂಬ ಸಂಶಯವನ್ನೇ ಧಾರವಾಡದ ಕಲೆಕ್ಟರ್ ಥ್ಯಾಕರೆ ಮುಂದೆ ಮಾಡಿದ. ಅಕ್ಟೋಬರ್ 23ರ ಕಾಳಗದಲ್ಲಿ ಆತ ಮಡಿದುದೂ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಹೋದುದೂ ಆ ಬಳಿಕದ ಕತೆ. ನಮ್ಮ ಜತ್ತ ಸಂಸ್ಥಾನವು ಯಾವ ಸಾತಾರಾದ ಜಹಗೀರಾಗಿತ್ತೋ ಆ ಸಾತಾರಾದ ರಾಜನು 1848ರಲ್ಲಿ ಮರಣಶಯ್ಯೆಯಲ್ಲಿ ಮಾಡಿಕೊಂಡ ದತ್ತಕವನ್ನೂ ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ, ರಾಜ್ಯವೇ ಹೋಯಿತು. ಕಂಪನಿಯವರ ಮನಸ್ಸಿನಲ್ಲಿ ಲೋಭವಿತ್ತೆಂಬುದು ನಿಜ. ಆದರೆ ಕೊನೆಯ ಗಳಿಗೆಯಲ್ಲಿ ಮಾಡಿದ ದತ್ತಕವು ಲೋಭಿಗಳಿಗೆ ಬಾಗಿಲು ತೆರೆದುಕೊಟ್ಟಿತೆಂಬುದೂ ಅಷ್ಟೇ ನಿಜ. ಎರಡು ಎಕರೆ ಜಮೀನಿನ ಮನೆಯಲ್ಲಿಯೂ ಇಂಥ ಲೋಭಿಗಳು ಇರಬಹುದು. ಅವರೆದುರು ನಿಂತು ವಾದಿಸುವ ಶಕ್ತಿ ಅಂಗವಿಕಲ ಮಗುವಿಗೆ ಎಲ್ಲರಿಗಿಂತ ಕಡಿಮೆ. ಆದುದರಿಂದ ಎರಡು ಮಾತು. ಕೆಲಸವನ್ನು ಆರೋಗ್ಯವಾಗಿರುವಾಗಲೇ ಮಾಡಬೇಕು. ತಾರೀಖನ್ನು ಎಂದಿಗೂ ತಿದ್ದಬಾರದು. ಹಳೆಯ ವರ್ಷಗಳ ರಿಯಾಯಿತಿಯ ಆಸೆಗೆ ಪತ್ರಕ್ಕೆ ಹಿಂದಿನ ದಿನಾಂಕ ಹಾಕಿದರೆ, ನಿಜವಾದ ದತ್ತಕವೂ ಸುಳ್ಳಾಗಿ ಕಾಣುತ್ತದೆ.

ಇನ್ನು ವೈಕಲ್ಯದ ಪ್ರಮಾಣಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಹೇಳಿದೆ. ಸ್ವಾವಲಂಬನ ಎಂಬ ಸರಕಾರಿ ಜಾಲತಾಣದಲ್ಲಿ ಅರ್ಜಿ ಹಾಕಿ, ನಿಗದಿಯಾದ ಸರಕಾರಿ ದವಾಖಾನೆಯಲ್ಲಿ ತಪಾಸಣೆಗೆ ಹೋಗಬೇಕು. ಪ್ರಮಾಣಪತ್ರದ ಜೊತೆಗೆ ಯುಡಿಐಡಿ ಎಂಬ ಗುರುತಿನ ಚೀಟಿ ದೊರೆಯುತ್ತದೆ. 2024ರ ತಿದ್ದುಪಡಿ ನಿಯಮಗಳಂತೆ ಶೇಕಡಾ 40ಕ್ಕೆ ಕೆಳಗಿನವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಹಾಗೂ ಮೇಲ್ಪಟ್ಟವರಿಗೆ ನೀಲಿ ಪಟ್ಟಿಯ ಚೀಟಿ. ತೆರಿಗೆಯ ರಿಯಾಯಿತಿ ಹಳದಿ ಮತ್ತು ನೀಲಿಯವರಿಗೆ ಮಾತ್ರವೆಂದು ಇದರಿಂದ ತಿಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಚಿಕ್ಕ ಮಕ್ಕಳ ಪ್ರಮಾಣಪತ್ರಗಳು ಹಲವು ಸಲ ತಾತ್ಕಾಲಿಕವಾಗಿದ್ದು, ಮರುತಪಾಸಣೆಯ ತಾರೀಖು ಅದರಲ್ಲಿಯೇ ಬರೆದಿರುತ್ತದೆ. ಅವಧಿ ಮುಗಿದ ವರ್ಷದ ಮುಂದೆ ಆ ಪತ್ರದ ಮೇಲೆ ರಿಯಾಯಿತಿ ನಡೆಯದು, ಹೊಸದನ್ನು ಪಡೆಯಬೇಕು. ಎರಡನೆಯದಾಗಿ, ಆಟಿಸಂ, ಸೆರೆಬ್ರಲ್ ಪಾಲ್ಸಿ ಹಾಗೂ ಬಹುವಿಧ ವೈಕಲ್ಯಗಳಿಗೆ ತೆರಿಗೆ ಇಲಾಖೆಯದೇ ಒಂದು ನಮೂನೆಯಿದೆ. 1961ರ ಕಾಯದೆಯಡಿ ಅದರ ಹೆಸರು 10-ಐಎ. ಅದಕ್ಕೆ ನರರೋಗ ತಜ್ಞರ ಅಥವಾ ಸರಕಾರಿ ದವಾಖಾನೆಯ ಸಿವಿಲ್ ಸರ್ಜನರ ಸಹಿ ಬೇಕು. ಇತ್ತೀಚಿನ ವರ್ಷಗಳಲ್ಲಿ ರಿಟರ್ನಿನಲ್ಲಿಯೇ ಆ ನಮೂನೆಯ ಸ್ವೀಕೃತಿ ಸಂಖ್ಯೆಯನ್ನೂ ಯುಡಿಐಡಿ ಸಂಖ್ಯೆಯನ್ನೂ ಕೇಳಲಾಗುತ್ತದೆ. ಮೊತ್ತವು ಗೊತ್ತುಪಡಿಸಿದ್ದೇ ಆದರೂ ಖರ್ಚು ನಡೆದಿರಬೇಕಾದುದರಿಂದ ಔಷಧದ ಚೀಟಿ, ವ್ಯಾಯಾಮೋಪಚಾರದ ಪಾವತಿಗಳನ್ನು ವರ್ಷವಾರು ಕಟ್ಟಿಡುವುದು ಒಳ್ಳೆಯದು.

ಗಡಿಯ ಮನೆಗಳಿಗೆ ಮಾತ್ರ ಬರುವ ತೊಡಕೊಂದಿದೆ, ಅದು ಹೆಸರಿನದು. ಕನ್ನಡದ ಮಲ್ಲಪ್ಪನು ಮರಾಠಿ ಕಾಗದದಲ್ಲಿ ಮಲ್ಲಾಪ್ಪಾ ಆಗುತ್ತಾನೆ. ಗೌರವ್ವ ಗೌರಾಬಾಯಿ ಆಗುತ್ತಾಳೆ. ಕರ್ನಾಟಕದ ಜನನ ದಾಖಲೆಯಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಮೊದಲು ಬಂದಿದ್ದರೆ, ಮಹಾರಾಷ್ಟ್ರದ ಕಾಗದದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಆಧಾರ್ ಚೀಟಿಯ ಇಂಗ್ಲಿಷ್ ಅಕ್ಷರಗಳು ಮೂರನೆಯ ಬಗೆ. ಮನೆಯವರಿಗೆ ಮೂರೂ ಒಂದೇ ವ್ಯಕ್ತಿ. ಯಂತ್ರಕ್ಕೂ ಗುಮಾಸ್ತನಿಗೂ ಮೂವರು. ಆದುದರಿಂದ ದತ್ತಕ ಪತ್ರ ಬರೆಯಿಸುವಾಗಲೇ ಕೊಟ್ಟವರ, ಪಡೆದವರ, ಮಗುವಿನ ಹೆಸರುಗಳು ಆಧಾರ್ ಚೀಟಿಯಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಕೂಡುವಂತೆ ನೋಡಿಕೊಳ್ಳಬೇಕು. ಮಗುವಿನ ಹಿಂದಿನ ಹೆಸರು ಇಂಥದು, ಇಂದಿನದು ಇಂಥದು ಎಂದು ಎರಡನ್ನೂ ಪತ್ರದಲ್ಲಿ ಕಾಣಿಸಬೇಕು. ಕನ್ನಡದ ಪತ್ರಗಳಿಗೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಮಾಡಿಸಿ ದೃಢೀಕರಿಸಿ ಜೊತೆಗಿಡಬೇಕು. ಜನನ ದಾಖಲೆಯ ತಿದ್ದುಪಡಿ ಮಗು ಹುಟ್ಟಿದ ಊರಿನ ನೋಂದಣಾಧಿಕಾರಿಗಳ ಕೈಯಲ್ಲಿರುವುದರಿಂದ, ಮಗು ವಿಜಯಪುರದ ಕಡೆ ಹುಟ್ಟಿದ್ದರೆ ಅಲ್ಲಿಗೇ ಹೋಗಬೇಕು; ಜತ್ತಿನ ಕಚೇರಿಯಲ್ಲಿ ಕುಳಿತರೆ ಆಗದು.

ಕ್ರಮ ತಪ್ಪಿದರೆ ತಿರುಗಾಟ ಇಮ್ಮಡಿಯಾಗುತ್ತದೆ. ಮೊದಲು ದತ್ತಕದ ಪತ್ರ ಅಥವಾ ಆದೇಶ. ಅದರ ಆಧಾರದಿಂದ ಜನನ ಪ್ರಮಾಣಪತ್ರ. ಅದರಿಂದ ಆಧಾರ್ ಚೀಟಿ. ಆ ಬಳಿಕ ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ. ಕೊನೆಗೆ ತೆರಿಗೆಯ ನಮೂನೆ. ಶಾಲೆಯ ಜನರಲ್ ರಜಿಸ್ಟರಿನ ಮಾತೂ ಇದೇ. ತಂದೆಯ ಹೆಸರನ್ನು ಬಾಯಿಮಾತಿನ ಮೇಲೆ ಬದಲಿಸುವ ಅಧಿಕಾರ ಯಾವ ಮುಖ್ಯಾಧ್ಯಾಪಕನಿಗೂ ಇಲ್ಲ. “ಗುರುಗಳೇ, ನೀವೇ ಒಂದಿಷ್ಟು ಬರೆದುಬಿಡ್ರಿ” ಎಂದು ಪಾಲಕರು ಒತ್ತಾಯಿಸುವುದು ಉಂಟು. ಬರೆದರೆ ಅದೇ ಕೂಸಿಗೆ ಮುಂದೆ ಮುಳ್ಳಾಗುತ್ತದೆ. ಪ್ರವೇಶದ ದಿನವೇ ಸರಿಯಾದ ಕಾಗದ ತಂದರೆ ಶಾಲೆಯ ದಾಖಲೆಯೇ ಮಗುವಿನ ಎರಡನೆಯ ಸಾಕ್ಷಿಯಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ಹಣವೆಷ್ಟು? ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇಕಡಾ 20ರ ಹಂತದಲ್ಲಿರುವವರಿಗೆ 75,000 ರೂಪಾಯಿಯ ರಿಯಾಯಿತಿಯಿಂದ, ಉಪಕರ ಕೂಡಿ, 15,600 ರೂಪಾಯಿ ಉಳಿಯುತ್ತದೆ. 1,25,000ದ ರಿಯಾಯಿತಿಯಿಂದ 26,000 ರೂಪಾಯಿ. ಆದರೆ 2023-24ರಿಂದ ತಾನಾಗಿಯೇ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲ. ಆ ಹೊಸ ಪದ್ಧತಿಯಲ್ಲಿ 2025-26ನೆಯ ಆರ್ಥಿಕ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲವಾದುದರಿಂದ, ನಮ್ಮ ಅನೇಕ ಶಿಕ್ಷಕರಿಗೆ ಅದೇ ಹಗುರವಾದೀತು. ಸಂಬಳದಾರರು ಪ್ರತಿವರ್ಷ ಎರಡೂ ಲೆಕ್ಕವನ್ನು ಹಾಕಿ ನೋಡಿ ತಮಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು.

ಯಾವ ಪದ್ಧತಿಯನ್ನು ಆರಿಸಿದರೂ ಕೈತಪ್ಪದ ಸವಲತ್ತೊಂದು ಮಹಾರಾಷ್ಟ್ರದಲ್ಲಿದೆ. ಅದು ವೃತ್ತಿ ತೆರಿಗೆಯದು. ಮರಾಠಿಯಲ್ಲಿ ವ್ಯವಸಾಯ ಕರ. ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ಹೀಗೆ ವರ್ಷಕ್ಕೆ 2,500 ರೂಪಾಯಿ ನಮ್ಮ ಸಂಬಳದಿಂದ ಕಡಿತವಾಗುತ್ತದೆ. 1975ರ ವೃತ್ತಿ ತೆರಿಗೆ ಕಾಯದೆಯು ಅಂಗವಿಕಲ ಮಗುವಿನ ತಂದೆತಾಯಿಗಳಿಗೂ ಪಾಲಕರಿಗೂ ಇದರಿಂದ ವಿನಾಯಿತಿ ಕೊಟ್ಟಿದೆ. ಶೇಕಡಾ 40ರ ಪ್ರಮಾಣಪತ್ರವನ್ನು ಸಂಬಳ ಮಾಡುವ ಕಚೇರಿಗೆ ಅರ್ಜಿಯೊಂದಿಗೆ ಸಲ್ಲಿಸಬೇಕು. ಮೊತ್ತ ಚಿಕ್ಕದಾದರೂ ವರ್ಷವರ್ಷವೂ ಉಳಿಯುವಂಥದು.

ಮೇಲೆ ಹೇಳಿದ ಶಿಕ್ಷಕರಿಗೂ ಕೊನೆಗೆ ಉಳಿದುದು ವೃತ್ತಿ ತೆರಿಗೆಯಷ್ಟೇ. ಆದಾಯ ತೆರಿಗೆಯಲ್ಲಿ ಹೊಸ ಪದ್ಧತಿಯೇ ಅವರಿಗೆ ಲಾಭವಾಯಿತು. ಹಾಗಾದರೆ ಇಷ್ಟು ತಿರುಗಿದ್ದು ವ್ಯರ್ಥವೇ ಎಂದು ಕೇಳಬಹುದು. ಅವರ ಮಗಳ ಮುಂದಿನ ದಿನಗಳನ್ನು ಎಣಿಸಿ ನೋಡಿದರೆ ಉತ್ತರ ತಿಳಿಯುತ್ತದೆ. ದತ್ತಕವಾದ ದಿನದಿಂದ ಮಗು ಆ ಮನೆಯ ಮಗು; ಆಸ್ತಿಯ ವಾರಸಿನಲ್ಲಿ ಆಕೆಯೂ ಅಣ್ಣನೂ ಸಮಾನರು; ಸರಿಯಾಗಿ ನಡೆದ ದತ್ತಕವನ್ನು ಸಾಕಿದವರೂ ರದ್ದು ಮಾಡಲಾರರು. 1982ರ ಮಹಾರಾಷ್ಟ್ರ ಪಿಂಚಣಿ ನಿಯಮಗಳು ಅನ್ವಯಿಸುವ ನೌಕರರು ತೀರಿಕೊಂಡರೆ, ದುಡಿದುಣ್ಣಲಾರದ ಅಂಗವಿಕಲ ಮಗುವಿಗೆ ಜೀವಮಾನವಿಡೀ ಕುಟುಂಬ ಪಿಂಚಣಿಯ ಅವಕಾಶವಿದೆ. ಅಲ್ಲಿಯೂ ಕೇಳುವುದು ಕಾನೂನುಬದ್ಧ ದತ್ತಕವನ್ನೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯವುಳ್ಳವರಿಗೆ ಹದಿನೆಂಟು ತುಂಬಿದ ಮೇಲೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯದೆಯಂತೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಾನಿಕ ಸಮಿತಿಯಿದೆ. ಅರ್ಜಿ ಹಾಕುವವರು ತಂದೆತಾಯಿಗಳೆಂಬುದನ್ನು ಅಲ್ಲಿಯೂ ತೋರಿಸಬೇಕು. ಹದಿನೈದು-ಇಪ್ಪತ್ತು ಸಾವಿರದ ತೆರಿಗೆಯ ಆಸೆ ಆ ಮನೆಯವರನ್ನು ಕಚೇರಿಯ ಮೆಟ್ಟಿಲು ಹತ್ತಿಸದಿದ್ದರೆ ಈ ಬಾಗಿಲುಗಳೆಲ್ಲ ಅವಳಿಗೆ ಮುಚ್ಚಿಯೇ ಇರುತ್ತಿದ್ದವು.

ಈ ಕಾಗದಗಳ ಬಗ್ಗೆ ಇನ್ನೂ ಒಂದು ಸೂಕ್ಷ್ಮವುಂಟು. ದತ್ತಕದ ಸಂಗತಿ ಮಗುವಿನ ಖಾಸಗಿ ಸಂಗತಿ. ಅದನ್ನು ತಿಳಿಯಬೇಕಾದವರು ಅಧಿಕಾರಿಗಳು, ವೈದ್ಯರು, ಶಾಲೆಯ ಮುಖ್ಯಸ್ಥರು, ಓಣಿಯ ಜನರಲ್ಲ. ಪೆಟ್ಟಿಗೆಯಲ್ಲಿಟ್ಟ ಪತ್ರವನ್ನು ಎಂದೋ ಅಕಸ್ಮಾತ್ತಾಗಿ ಕಂಡು ಮಗು ನೊಂದುಕೊಳ್ಳುವಂತಾಗಬಾರದು. ತಿಳಿವಳಿಕೆ ಬಂದ ಹಾಗೆ, ಅದಕ್ಕೆ ಅರ್ಥವಾಗುವ ಮಾತಿನಲ್ಲಿ, ಸಾಕಿದ ಬಾಯಿಂದಲೇ ಅದು ಕೇಳಬೇಕು.

ಕಡೆಯದಾಗಿ ವಾಚಕ ಬಂಧುಗಳಲ್ಲಿ ಬಿನ್ನಹ. ನಿಮ್ಮ ಮನೆಯಲ್ಲಾಗಲಿ ನಿಮ್ಮ ಬೀಗರ ಮನೆಯಲ್ಲಾಗಲಿ ಹೀಗೆ ಬಾಯಿಮಾತಿನ ಮೇಲೆ ಬಂದ ಮಗುವಿದ್ದರೆ, ಅದರಲ್ಲಿಯೂ ಮಗುವು ಅಂಗವಿಕಲವಾಗಿದ್ದರೆ, ಕೊಟ್ಟವರೂ ಕಂಡವರೂ ಬದುಕಿರುವಾಗಲೇ ಒಬ್ಬ ವಕೀಲರನ್ನು ಕಂಡು ಪತ್ರ ಮಾಡಿಸಿರಿ. ನಕಲುಗಳನ್ನು ಮೂರು ಕಡೆ ಇಡಿರಿ: ಒಂದು ಮನೆಯಲ್ಲಿ, ಒಂದು ನಂಬಿಗಸ್ತ ಬಂಧುವಿನಲ್ಲಿ, ಒಂದು ಶಾಲೆಯ ಕಡತದಲ್ಲಿ. ತೆರಿಗೆಯ ದರಗಳು ಪ್ರತಿ ಬಜೆಟ್ಟಿಗೂ ಬದಲಾಗುತ್ತವೆ. ಆ ಪತ್ರದಲ್ಲಿ ಬರೆದ ತಂದೆತಾಯಿಗಳ ಹೆಸರು ಮಾತ್ರ ಆ ಮಗುವಿನ ಜೀವಮಾನಪರ್ಯಂತ ನಡೆಯುತ್ತದೆ.